ಆಲ್ಪ್ಸ್ ಪರ್ವತದ ರೈಲುದಾರಿ ಮತ್ತು ಅದರ ಪಾಠಾಂತರಗಳು: ರೈಲು ಸಿಮ್ಯುಲೇಟರುಗಳ ಒಂದು ತೌಲನಿಕ ವಿಮರ್ಶೆ

1

ಒಂದೇ ಕಾವ್ಯದ ನಾಲ್ಕಾರು ಓಲೆಯ ಪ್ರತಿಗಳು ಕೈಗೆ ಬಂದಾಗ ಗ್ರಂಥಸಂಪಾದಕನು ಮೊದಲು ಕೇಳುವ ಪ್ರಶ್ನೆಗಳು ಮೂರು. ಈ ಪ್ರತಿ ಯಾವ ಕಾಲದ್ದು? ಇದರಲ್ಲಿ ಬಿಟ್ಟುಹೋಗಿರುವುದೇನು? ಲಿಪಿಕಾರನು ತನ್ನ ಕಡೆಯಿಂದ ಕೂಡಿಸಿರುವುದೇನು? ಅಕ್ಷರ ದುಂಡಾಗಿದೆಯೆ, ಗರಿ ನುಣುಪಾಗಿದೆಯೆ ಎಂಬ ಪ್ರಶ್ನೆಗಳು ಆಮೇಲಿನವು. ಈ ಮೂರು ಪ್ರಶ್ನೆಗಳನ್ನು ನಾವು ಪ್ರಸ್ತುತ ಲೇಖನದಲ್ಲಿ, ಇತಿಹಾಸ ವಿಭಾಗದ ಪತ್ರಿಕೆಯಲ್ಲಿ ಸಾಮಾನ್ಯವಾಗಿ ಕಾಣಿಸಿಕೊಳ್ಳದ ಒಂದು ವಸ್ತುವಿಗೆ, ಎಂದರೆ ಕಂಪ್ಯೂಟರಿನ ರೈಲು ಸಿಮ್ಯುಲೇಟರುಗಳಿಗೆ, ಅನ್ವಯಿಸಿ ನೋಡಬೇಕೆಂದಿದ್ದೇವೆ.

ರೈಲು ಸಿಮ್ಯುಲೇಟರೆಂದರೆ ನಿಜವಾದ ಒಂದು ರೈಲುದಾರಿಯನ್ನು ಅದರ ಏರಿಳಿತ, ತಿರುವು, ನಿಲ್ದಾಣ, ಸಿಗ್ನಲ್, ಸುತ್ತಲಿನ ಭೂದೃಶ್ಯಗಳೊಡನೆ ಪರದೆಯ ಮೇಲೆ ಕಟ್ಟಿ, ಎಂಜಿನ್ನಿನ ಹಿಡಿಗಳನ್ನು ಬಳಕೆದಾರನ ಕೈಗೆ ಕೊಡುವ ತಂತ್ರಾಂಶ. ಇದನ್ನು ಆಟವೆಂದು ಕರೆಯುವ ರೂಢಿಯುಂಟು. ಆ ಹೆಸರಿನ ಬಗ್ಗೆ ನಮಗೆ ಆಕ್ಷೇಪವಿಲ್ಲ. ಆದರೆ ಚಾರಿತ್ರಿಕ ಕಾದಂಬರಿಯೂ ನಾಟಕವೂ ವಿನೋದಕ್ಕಾಗಿಯೇ ಹುಟ್ಟಿದರೂ ಜನಸಾಮಾನ್ಯರ ಇತಿಹಾಸಪ್ರಜ್ಞೆಯನ್ನು ಹೇಗೆ ರೂಪಿಸಿದವೆಂಬುದನ್ನು ಬಲ್ಲವರು, ಈ ಹೊಸ ಪ್ರಕಾರವನ್ನು ಆಟವೆಂಬ ಒಂದೇ ಕಾರಣದಿಂದ ತಳ್ಳಿಹಾಕಲಾರರು. ಆಲ್ಪ್ಸ್ ಪರ್ವತವನ್ನು ಎಂದೂ ಕಾಣದ ವಿದ್ಯಾರ್ಥಿಯೊಬ್ಬನು ಇಂದು ಅಲ್ಲಿಯ ರೈಲುದಾರಿಯ ಒಂದೊಂದು ತಿರುವನ್ನೂ ಬಾಯಿಪಾಠವಾಗಿ ಹೇಳಬಲ್ಲನು. ಅವನು ಕಲಿತದ್ದು ದಾರಿಯನ್ನೋ ದಾರಿಯ ಒಂದು ಪಾಠವನ್ನೋ ಎಂಬುದೇ ನಮ್ಮ ಪ್ರಶ್ನೆ.

ವಿಮರ್ಶೆಗೆ ಆರಿಸಿಕೊಂಡಿರುವುದು ಸ್ವಿಟ್ಜರ್ಲೆಂಡಿನ ಗ್ರೌಬುಂಡೆನ್ ಪ್ರಾಂತದ ರೇಟಿಷೆ ಬಾನ್ ಎಂಬ ರೈಲು ಸಂಸ್ಥೆಯ ಮೂರು ಪರ್ವತಮಾರ್ಗಗಳು ಮತ್ತು ಅವುಗಳ ಮೂರು ಸಿಮ್ಯುಲೇಟರ್ ಪಾಠಗಳು. ಮೊದಲನೆಯದು, ಡವ್‌ಟೇಲ್ ಗೇಮ್ಸ್‌ನವರ ‘ಟ್ರೈನ್ ಸಿಮ್ಯುಲೇಟರ್’ಗಾಗಿ ಥಾಮ್ಸನ್ ಇಂಟರ್‌ಆಕ್ಟಿವ್ ಸಿದ್ಧಪಡಿಸಿದ, ಸೇಂಟ್ ಮೋರಿಟ್ಸ್‌ನಿಂದ ತೂಸಿಸ್‌ವರೆಗಿನ ಅಲ್ಬುಲಾ ಮಾರ್ಗ. ಎರಡನೆಯದು ಮತ್ತು ಮೂರನೆಯದು, ಅದೇ ಡವ್‌ಟೇಲ್‌ನವರ ‘ಟ್ರೈನ್ ಸಿಮ್ ವರ್ಲ್ಡ್’ ಮಾಲೆಗಾಗಿ ರಿವೆಟ್ ಗೇಮ್ಸ್ ಸಿದ್ಧಪಡಿಸಿದ ಕೂರ್–ಅರೋಸಾ ಮಾರ್ಗ ಮತ್ತು ತಿರಾನೊದಿಂದ ಒಸ್ಪಿಟ್ಸಿಯೊ ಬೆರ್ನೀನಾವರೆಗಿನ ಬೆರ್ನೀನಾ ಮಾರ್ಗ. ಒಂದೇ ಸಂಸ್ಥೆ, ಒಂದೇ ಮೀಟರ್ ಗೇಜ್ ಹಳಿ, ಒಂದೇ ಪರ್ವತಸೀಮೆ. ಆದುದರಿಂದ ಹೋಲಿಕೆಗೆ ಗಟ್ಟಿಯಾದ ನೆಲೆಯಿದೆ.

2

ಪಾಠಗಳನ್ನು ಪರಾಮರ್ಶಿಸುವುದಕ್ಕೆ ಮುನ್ನ ಮೂಲವನ್ನು ತಿಳಿಯುವುದು ಅವಶ್ಯಕ. ಅಲ್ಬುಲಾ ಮಾರ್ಗದ ಕಾಮಗಾರಿ 1898ರಲ್ಲಿ ಆರಂಭವಾಯಿತು. ಫ್ರೀಡ್ರಿಶ್ ಹೆನ್ನಿಂಗ್ಸ್ ಅದರ ಮುಖ್ಯ ಎಂಜಿನಿಯರು. ತೂಸಿಸ್‌ನಿಂದ ಚೆಲೆರೀನಾವರೆಗೆ 1903ರಲ್ಲಿಯೂ ಅಲ್ಲಿಂದ ಸೇಂಟ್ ಮೋರಿಟ್ಸ್‌ಗೆ 1904ರಲ್ಲಿಯೂ ಸಂಚಾರ ಪ್ರಾರಂಭವಾಯಿತು. ಬೆರ್ನೀನಾ ಮಾರ್ಗವು 1908ರಿಂದ ಹಂತಹಂತವಾಗಿ ತೆರೆಯಲ್ಪಟ್ಟು 1910ರಲ್ಲಿ ಪೂರ್ಣಗೊಂಡಿತು. ಅರೋಸಾ ಮಾರ್ಗವು 1914ರ ಡಿಸೆಂಬರಿನಲ್ಲಿ, ಮೊದಲನೆಯ ಮಹಾಯುದ್ಧವು ಪ್ರವಾಸಿಗಳನ್ನು ಮನೆಗೆ ಅಟ್ಟಿದ್ದ ಕಾಲದಲ್ಲಿ, ಆರಂಭವಾಯಿತು. ಕೊನೆಯ ಎರಡೂ ಮೊದಲು ಸ್ವತಂತ್ರ ಕಂಪನಿಗಳಾಗಿದ್ದು 1940ರ ದಶಕದಲ್ಲಿ ರೇಟಿಷೆ ಬಾನ್‌ನೊಡನೆ ವಿಲೀನವಾದವು. ಅಲ್ಬುಲಾ ಮತ್ತು ಬೆರ್ನೀನಾ ಮಾರ್ಗಗಳನ್ನು ಅವುಗಳ ಭೂದೃಶ್ಯ ಸಮೇತ ಯುನೆಸ್ಕೊ ಸಂಸ್ಥೆಯು 2008ರಲ್ಲಿ ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿತು. ನಮ್ಮ ಡಾರ್ಜಿಲಿಂಗ್ ಮತ್ತು ನೀಲಗಿರಿಯ ರೈಲುಗಳೂ ಅದೇ ಪಟ್ಟಿಯಲ್ಲಿವೆ.

ಈ ಮೂರು ಮಾರ್ಗಗಳ ಅತ್ಯಂತ ವಿಶ್ವಾಸಾರ್ಹವಾದ ಚಾರಿತ್ರಿಕ ದಾಖಲೆ ಯಾವುದೆಂದರೆ ಅವುಗಳ ಏರು. ಅಲ್ಬುಲಾದ ಗರಿಷ್ಠ ಏರು ಸಾವಿರಕ್ಕೆ 35. ಎಂದರೆ ಸಾವಿರ ಮೀಟರ್ ಸಾಗಿದರೆ ಮೂವತ್ತೈದು ಮೀಟರ್ ಮೇಲಕ್ಕೆ. ಅರೋಸಾದ್ದು 60, ಬೆರ್ನೀನಾದ್ದು 70. ಎಲ್ಲಿಯೂ ಹಲ್ಲುಹಳಿಯ ಸಹಾಯವಿಲ್ಲ; ಗಾಲಿಗೂ ಹಳಿಗೂ ಇರುವ ಹಿಡಿತವೊಂದೇ ಆಧಾರ. ಸಕಲೇಶಪುರ–ಸುಬ್ರಹ್ಮಣ್ಯ ಘಟ್ಟದ ಹಳಿಯ ಏರು 50ಕ್ಕೆ 1, ಎಂದರೆ ಸಾವಿರಕ್ಕೆ 20 ಎಂಬುದನ್ನು ನೆನೆದರೆ ವಾಚಕರಿಗೆ ಈ ಅಂಕಿಗಳ ತೂಕ ತಿಳಿಯುವುದು.

ಒಂದೇ ಪರ್ವತಸೀಮೆಯಲ್ಲಿ ಹತ್ತು ಹನ್ನೆರಡು ವರ್ಷಗಳ ಅಂತರದೊಳಗೆ ಏರಿನ ಮಿತಿ ಇಮ್ಮಡಿಯಾದುದೇಕೆ? ಉತ್ತರವು ಶಕ್ತಿಯ ಮೂಲದಲ್ಲಿದೆ. ಅಲ್ಬುಲಾವನ್ನು ಉಗಿಯಂತ್ರಕ್ಕಾಗಿ ಕಟ್ಟಿದರು. ಉಗಿಯಂತ್ರವು ತನ್ನ ಬಾಯ್ಲರನ್ನೂ ಕಲ್ಲಿದ್ದಲನ್ನೂ ನೀರನ್ನೂ ತಾನೇ ಹೊತ್ತು ಹತ್ತಬೇಕು. ಬೆರ್ನೀನಾ ಮತ್ತು ಅರೋಸಾ ಮಾರ್ಗಗಳಾದರೋ ಮೊದಲ ದಿನದಿಂದಲೇ ವಿದ್ಯುತ್ ಮಾರ್ಗಗಳು. ಶಕ್ತಿಯು ತಂತಿಯಲ್ಲಿ ಬರುವುದು, ಪ್ರಯಾಣಿಕರ ಭಾರವೇ ಮೋಟಾರು ಬಂಡಿಯ ಗಾಲಿಗಳನ್ನು ಹಳಿಗೆ ಒತ್ತಿ ಹಿಡಿಯುವುದು. ಅಲ್ಬುಲಾಕ್ಕೆ ವಿದ್ಯುತ್ತು ಬಂದುದು 1919ರಲ್ಲಿ; ಆ ವೇಳೆಗೆ ದಾರಿಯ ಆಕಾರವು ಕಲ್ಲಿನಲ್ಲಿ ಸ್ಥಿರವಾಗಿಹೋಗಿತ್ತು. ಆದುದರಿಂದ ಇಂದು ಅಲ್ಬುಲಾದಲ್ಲಿ ವಿದ್ಯುತ್ ಎಂಜಿನ್ ಓಡಿಸುವವನು, ಅರಿತೋ ಅರಿಯದೆಯೋ, ಉಗಿಯುಗವು ಬರೆದಿಟ್ಟ ಶಾಸನವನ್ನು ಓದುತ್ತಿದ್ದಾನೆ. ಒಳ್ಳೆಯ ಸಿಮ್ಯುಲೇಟರ್ ಪಾಠವೆಂದರೆ ಈ ಶಾಸನವನ್ನು ಕೈಗೆ ತಾಕುವಂತೆ ಮಾಡುವ ಪಾಠ ಎಂಬುದು ನಮ್ಮ ಅಳತೆಗೋಲು.

3

ಅಲ್ಬುಲಾ ಪಾಠವನ್ನು ಮೊದಲು ತೆಗೆದುಕೊಳ್ಳೋಣ. ‘ಟ್ರೈನ್ ಸಿಮ್ಯುಲೇಟರ್’ ಎಂಬುದರ ಬುನಾದಿಯು 2007ರಲ್ಲಿ ಕುಜು ಸಂಸ್ಥೆ ಹೊರತಂದ ‘ರೈಲ್ ಸಿಮ್ಯುಲೇಟರ್’ ತಂತ್ರಾಂಶ. ಬುನಾದಿ ಹಳೆಯದಾದುದರಿಂದ ಇದರ ಚಿತ್ರಗಳು ಇಂದಿನ ಕಣ್ಣಿಗೆ ಒರಟು. ಮರಗಳು ಚಪ್ಪಟೆ, ಬಂಡೆಗಳು ಬಣ್ಣ ಬಳಿದ ಬಟ್ಟೆಯಂತೆ. ಈ ಕಾರಣದಿಂದ ಇದನ್ನು ಕೀಳೆಂದು ಬಗೆಯುವವರು ಬಹಳ. ನಮ್ಮ ಅಭಿಪ್ರಾಯ ಬೇರೆ.

ಈ ಪಾಠದ ಮೊದಲ ಗುಣ ಅದರ ಸಮಗ್ರತೆ. ಅರುವತ್ತು ಕಿಲೋಮೀಟರಿಗೂ ಮಿಕ್ಕ ಮಾರ್ಗವನ್ನು ತುದಿಯಿಂದ ತುದಿಯವರೆಗೆ ಕೊಟ್ಟಿರುವುದರಿಂದ, ಎಂಗಡೀನ್ ಕಣಿವೆಯಿಂದ ಹೊರಟು ಪರ್ವತವನ್ನು ಒಳಗಿಂದ ದಾಟಿ ಇನ್ನೊಂದು ಕಣಿವೆಗೆ ಇಳಿಯುವ ಪೂರ್ಣ ಅನುಭವ ಸಾಧ್ಯವಾಗಿದೆ. ಇದರ ಬೆಲೆಯು ಪ್ರೇಡಾ ಮತ್ತು ಬೆರ್ಗ್ಯೂನ್ ನಡುವೆ ಎದ್ದು ಕಾಣುತ್ತದೆ. ಈ ಎರಡು ಊರುಗಳ ನಡುವಣ ನೇರ ದೂರ ಸುಮಾರು 5 ಕಿ.ಮೀ.; ಎತ್ತರದ ವ್ಯತ್ಯಾಸ 400 ಮೀಟರಿಗೂ ಹೆಚ್ಚು. ನೇರವಾಗಿ ಹಳಿ ಹಾಕಿದ್ದರೆ ಏರು ಸಾವಿರಕ್ಕೆ 80ನ್ನು ಮೀರುತ್ತಿತ್ತು. ಉಗಿಯಂತ್ರಕ್ಕೆ ಅದು ಅಸಾಧ್ಯವಾದುದರಿಂದ ಎಂಜಿನಿಯರರು ದಾರಿಯನ್ನು ಪರ್ವತದೊಳಗೆ ಸುರುಳಿ ಸುತ್ತಿಸಿ, ಕಣಿವೆಯನ್ನು ಮತ್ತೆ ಮತ್ತೆ ದಾಟಿಸಿ, ಸುಮಾರು 12 ಕಿ.ಮೀ.ಗೆ ಹಿಗ್ಗಿಸಿದರು. ಹೀಗೆ ಹಿಗ್ಗಿಸಿದ ಮೇಲೆ ಏರು 35ರ ಒಳಗೆ ನಿಂತಿತು. ಹಳೆಯ ತಂತ್ರಾಂಶವಾದರೂ ಈ ಪಾಠದಲ್ಲಿ ಸುರಂಗದಿಂದ ಹೊರಬಂದಾಗ ತಾನು ಆಗತಾನೇ ಬಿಟ್ಟ ಹಳಿಯು ತಲೆಯ ಮೇಲೆಯೋ ಕಾಲಕೆಳಗೋ ಕಾಣಿಸಿಕೊಳ್ಳುವುದು. ಪುಸ್ತಕದ ನಕ್ಷೆಯು ಚಪ್ಪಟೆಯಾಗಿ ತೋರಿಸುವ ಈ ಗಂಟನ್ನು ವಿದ್ಯಾರ್ಥಿಯು ಇಲ್ಲಿ ಮೂರು ಆಯಾಮಗಳಲ್ಲಿ ಬಿಡಿಸಿಕೊಳ್ಳಬಹುದು. ಮರದ ಎಲೆ ಚಪ್ಪಟೆಯಾದರೇನು, ವಾದ ಚಪ್ಪಟೆಯಾಗಿಲ್ಲ.

ಎರಡನೆಯ ಅಂಶ ಲಾಂಡ್ವಾಸರ್ ಸೇತುವೆ. 1902ರಲ್ಲಿ ಮುಗಿದ ಈ ಕಲ್ಲಿನ ಸೇತುವೆಗೆ ಆರು ಕಮಾನುಗಳು, 136 ಮೀಟರ್ ಉದ್ದ, 65 ಮೀಟರ್ ಎತ್ತರ. 100 ಮೀಟರ್ ತ್ರಿಜ್ಯದ ತಿರುವಿನಲ್ಲಿ ಬಾಗಿ ಅದು ನೇರವಾಗಿ ಕಡಿಬಂಡೆಯ ಸುರಂಗದೊಳಕ್ಕೆ ಹೊಗುತ್ತದೆ. ಜಗತ್ತಿನ ಎಲ್ಲ ಅಂಚೆಚಿತ್ರಗಳೂ ಇದನ್ನು ಹೊರಗಿನಿಂದ, ಕೆಳಗಿನಿಂದ ತೋರಿಸುತ್ತವೆ. ಆದರೆ ಎಂಜಿನ್ನಿನಲ್ಲಿ ಕುಳಿತ ಚಾಲಕನಿಗೆ ಕಾಣುವುದು ಕಮಾನಲ್ಲ. ಒಂದು ಬಿಗಿಯಾದ ತಿರುವು, ಅದರ ಕೊನೆಗೊಂದು ಕರಿಯ ಬಾಯಿ. ಸಿಮ್ಯುಲೇಟರಿನಲ್ಲಿ ಒಂದು ಗುಂಡಿಯನ್ನೊತ್ತಿದರೆ ದೃಷ್ಟಿಯು ಚಾಲಕನ ಪೀಠದಿಂದ ಆಕಾಶಕ್ಕೆ ಹಾರುತ್ತದೆ, ಅಂಚೆಚಿತ್ರ ಸಿದ್ಧವಾಗುತ್ತದೆ. ದುಡಿಯುವವನ ಕಣ್ಣನ್ನು ಬಿಟ್ಟು ಪ್ರವಾಸಿಯ ಕಣ್ಣನ್ನು ತೊಡುವ ಈ ಸೌಕರ್ಯವು ಎಲ್ಲ ಸಿಮ್ಯುಲೇಟರುಗಳಿಗೂ ಸಾಮಾನ್ಯ. ಬೋಧಕರು ಇದನ್ನು ದೋಷವೆಂದು ಬಿಡದೆ ಪ್ರಶ್ನೆಯಾಗಿ ಬಳಸಬಹುದು: ಈ ದಾರಿ ಯಾರಿಗಾಗಿ ಕಟ್ಟಲ್ಪಟ್ಟಿತು? ಸೇಂಟ್ ಮೋರಿಟ್ಸ್‌ನ ಧನಿಕ ಅತಿಥಿಗಳಿಗಾಗಿ ಎಂಬ ಉತ್ತರವನ್ನು ಆ ಗುಂಡಿಯೇ ಕೊಡುತ್ತದೆ.

ಮೂರನೆಯದಾಗಿ ಕಾಲದ ಪ್ರಶ್ನೆ. ಈ ಪಾಠದಲ್ಲಿ ರೈಲು ಪರ್ವತವನ್ನು ದಾಟುವುದು 5865 ಮೀಟರ್ ಉದ್ದದ ಹಳೆಯ ಅಲ್ಬುಲಾ ಸುರಂಗದ ಮೂಲಕ. 2024ರ ಜೂನ್ ತಿಂಗಳಿಂದ ನಿಜವಾದ ರೈಲುಗಳು ಅದರ ಪಕ್ಕದಲ್ಲಿಯೇ ಕೊರೆದ ಹೊಸ ಸುರಂಗದಲ್ಲಿ ಓಡುತ್ತಿವೆ. ಹಳೆಯದನ್ನು ರಕ್ಷಣಾ ಸುರಂಗವಾಗಿ ಮಾರ್ಪಡಿಸುವುದೆಂದು ನಿಶ್ಚಯವಾಯಿತು. ಹೀಗಾಗಿ ವರ್ತಮಾನದ ಚಿತ್ರವೆಂದು ರಚಿತವಾದ ಪಾಠವು ರಚನಕಾರರು ಉದ್ದೇಶಿಸದೆಯೇ ಭೂತಕಾಲದ ದಾಖಲೆಯಾಗಿ ಪರಿಣಮಿಸಿದೆ. ನೂರಿಪ್ಪತ್ತು ವರ್ಷ ಜನರನ್ನು ಹೊತ್ತ ಒಂದು ದಾರಿಯಲ್ಲಿ ಚಾಲಕನಾಗಿ ಸಾಗಬೇಕೆಂದರೆ ಇನ್ನು ಮುಂದೆ ಇಂಥ ಪಾಠಗಳೇ ಗತಿ. ದೋಷವೇ ಪ್ರಮಾಣವಾಗುವ ಇಂಥ ಸಂದರ್ಭಗಳು ಹಸ್ತಪ್ರತಿ ಶಾಸ್ತ್ರದಲ್ಲಿ ಅಪರೂಪವಲ್ಲ.

4

ಅರೋಸಾ ಪಾಠವು 2020ರಲ್ಲಿ ಹೊರಬಂದ ‘ಟ್ರೈನ್ ಸಿಮ್ ವರ್ಲ್ಡ್ 2’ ಎಂಬ ಆವೃತ್ತಿಗಾಗಿ ಸಿದ್ಧವಾದುದು. ಇದರ ಬುನಾದಿ ಹೊಸದು, ಬೆಳಕು ನೆರಳು ಹಿಮಗಳು ಸೊಗಸಾದುವು. ಆದರೆ ನಿಜವಾದ ವ್ಯತ್ಯಾಸವಿರುವುದು ಚಿತ್ರದಲ್ಲಿ ಅಲ್ಲ, ದೇಹದಲ್ಲಿ. ಅಲ್ಬುಲಾ ಪಾಠದಲ್ಲಿ ಬಳಕೆದಾರನಿಗೆ ಕಣ್ಣು ಮತ್ತು ಕೈಗಳಿವೆ, ಕಾಲಿಲ್ಲ. ಇಲ್ಲಿ ಅವನು ನಿಲ್ದಾಣದ ಜಗಲಿಯ ಮೇಲೆ ನಡೆದು ಹೋಗಿ, ಬಾಗಿಲು ತೆರೆದು, ಪೀಠದಲ್ಲಿ ಕುಳಿತು, ಒಂದೊಂದು ಹಿಡಿಯನ್ನೂ ಪ್ರತ್ಯೇಕವಾಗಿ ಮುಟ್ಟಿ ಎಂಜಿನ್ನನ್ನು ಎಚ್ಚರಿಸಬೇಕು. ಚಾಲನೆಯು ಇಲ್ಲಿ ದೃಶ್ಯವಾಗಿರದೆ ಉದ್ಯೋಗವಾಗಿದೆ. ಇನ್ನೊಂದು ಗುಣ, ವೇಳಾಪಟ್ಟಿಯ ಕ್ರಮ. ಬಿಡಿಬಿಡಿಯಾದ ಕಲ್ಪಿತ ಸಂದರ್ಭಗಳಿಗೆ ಬದಲಾಗಿ ಒಂದು ಇಡೀ ದಿನದ ಸಂಚಾರವನ್ನು ಕೊಟ್ಟು, ಅದರಲ್ಲಿ ಯಾವುದಾದರೂ ಒಂದು ರೈಲನ್ನು ವಹಿಸಿಕೊಳ್ಳಲು ಅವಕಾಶವಿದೆ. ಒಂಟಿ ಹಳಿಯ ಮಾರ್ಗದಲ್ಲಿ ವೇಳಾಪಟ್ಟಿಯೇ ವ್ಯಾಕರಣ. ಎದುರು ಬರುವ ರೈಲು ದಾಟುವವರೆಗೆ ನಿಲ್ದಾಣದಲ್ಲಿ ಕಾದಿರುವುದೂ ಪ್ರಯಾಣದ ಭಾಗವೇ. ಈ ಕಾಯುವಿಕೆಯನ್ನು ಕತ್ತರಿಸದೆ ಉಳಿಸಿರುವುದು ಈ ಪಾಠದ ಪ್ರಾಮಾಣಿಕತೆ.

ಮಾರ್ಗದ ಉದ್ದ ಸುಮಾರು 26 ಕಿ.ಮೀ. ಕೂರ್ ಪಟ್ಟಣದ ನಿಲ್ದಾಣದ ಎದುರಿನ ಬೀದಿಯಿಂದಲೇ ರೈಲು ಹೊರಡುತ್ತದೆ. ಮೋಟಾರುಗಳ ನಡುವೆ, ಅಂಗಡಿಗಳ ಮುಂದೆ ಸಾಗಿ, ಊರು ದಾಟಿದ ಮೇಲೆ ಕಮರಿಯನ್ನು ಹಿಡಿದು ಏರತೊಡಗಿ, 1739 ಮೀಟರ್ ಎತ್ತರದ ಅರೋಸಾವನ್ನು ಮುಟ್ಟುತ್ತದೆ. ಟ್ರಾಮು ಮತ್ತು ಪರ್ವತರೈಲು ಎಂಬ ಎರಡು ಜಾತಿಗಳು ಒಂದೇ ಬಂಡಿಯಲ್ಲಿ ಕೂಡಿರುವುದು ಈ ಮಾರ್ಗದ ವೈಶಿಷ್ಟ್ಯ. ಪಾಠವು ಅದನ್ನು ಚೆನ್ನಾಗಿ ಹಿಡಿದಿದೆ.

ಏರಿನ ಮಾತಿಗೆ ಬರೋಣ. ಈ ಪಾಠದ ಮುಖ್ಯ ಎಂಜಿನ್ ಜಿ-ಇ 4/4 ಜಾತಿಯ ಎರಡನೆಯ ಮಾದರಿ. ತೂಕ 50 ಟನ್, ಶಕ್ತಿ 1700 ಕಿಲೋವಾಟ್. ಇದರ ಹಿಂದೆ 100 ಟನ್ನಿನ ಬಂಡಿಗಳಿವೆಯೆಂದು ಇಟ್ಟುಕೊಂಡರೆ, ಸಾವಿರಕ್ಕೆ 60ರ ಏರಿನಲ್ಲಿ ಒಟ್ಟು 150 ಟನ್ ಭಾರವು 9 ಟನ್ ಬಲದಿಂದ ರೈಲನ್ನು ಹಿಂದಕ್ಕೆ ಎಳೆಯುತ್ತದೆ. ಆ ಬಲವನ್ನು ಎಂಜಿನ್ನಿನ 50 ಟನ್ ತೂಕದ ಹಿಡಿತವೊಂದೇ ಎದುರಿಸಬೇಕು. ಎಂದರೆ ತೂಕದ ನೂರಕ್ಕೆ ಹದಿನೆಂಟು ಪಾಲು. ಅದೇ ರೈಲು ಅಲ್ಬುಲಾದ 35ರ ಏರಿನಲ್ಲಿದ್ದರೆ ಬೇಕಾಗುವುದು ಕೇವಲ ಹತ್ತೂವರೆ ಪಾಲು. ಹಳಿ ಒದ್ದೆಯಾದಾಗ, ಎಲೆ ಬಿದ್ದಾಗ, ಗಾಲಿ ಜಾರುವುದಕ್ಕೂ ಜಾರದಿರುವುದಕ್ಕೂ ನಡುವಣ ಅಂತರ ಈ ಏಳೂವರೆ ಪಾಲಿನಲ್ಲಿದೆ. ಬೀಜಗಣಿತವು ಹೇಳುವ ಈ ಮಾತನ್ನು ಬಲಗೈಯ ಹಿಡಿಯಲ್ಲಿ ಅರಿಯುವುದೇ ಸಿಮ್ಯುಲೇಟರಿನ ಸಾರ್ಥಕತೆ. ಎರಡು ಪಾಠಗಳನ್ನೂ ಒಂದರ ಹಿಂದೆ ಒಂದು ಓಡಿಸಿದವನಿಗೆ, ಉಗಿಯ ದಾರಿ ಯಾವುದು, ವಿದ್ಯುತ್ತಿನ ದಾರಿ ಯಾವುದು ಎಂಬುದನ್ನು ಯಾರೂ ಹೇಳಿಕೊಡಬೇಕಾಗಿಲ್ಲ.

ಆದರೆ ಇದೇ ಎಂಜಿನ್ ಒಂದು ಕಾಲವಿಷಯಕ ಸಮಸ್ಯೆಯನ್ನೂ ಎತ್ತುತ್ತದೆ. ಅರೋಸಾ ಮಾರ್ಗವು 1997ರವರೆಗೆ ನೇರ ವಿದ್ಯುತ್ ಪ್ರವಾಹದಿಂದ ನಡೆಯುತ್ತಿತ್ತು. ಆ ವರ್ಷವೇ ಅದು ಉಳಿದ ಜಾಲದ 11,000 ವೋಲ್ಟಿನ ಪರ್ಯಾಯ ಪ್ರವಾಹಕ್ಕೆ ಬದಲಾಯಿತು. ಜಿ-ಇ 4/4 ಎಂಜಿನ್ ಪರ್ಯಾಯ ಪ್ರವಾಹದ್ದು. ಆದುದರಿಂದ, ಪಾಠದಲ್ಲಿ ಯಾವ ತಾರೀಖೂ ಇಲ್ಲದಿದ್ದರೂ, ಅದು ಚಿತ್ರಿಸುವ ಕಾಲವು 1997ಕ್ಕಿಂತ ಹಿಂದಿನದಾಗಿರಲು ಸಾಧ್ಯವಿಲ್ಲವೆಂದು ಆಂತರಿಕ ಪ್ರಮಾಣದಿಂದಲೇ ನಿರ್ಣಯಿಸಬಹುದು. ಮತ್ತೆ, 2010ರ ಸುಮಾರಿಗೆ ಅಲ್ಲೆಗ್ರಾ ಎಂಬ ಹೊಸ ಮೋಟಾರು ಬಂಡಿಗಳು ಬಂದ ಮೇಲೆ ಅರೋಸಾದ ಪ್ರಯಾಣಿಕ ರೈಲುಗಳಲ್ಲಿ ಹೆಚ್ಚಿನವನ್ನು ಅವೇ ಎಳೆಯತೊಡಗಿದವು. ಹಾಗಾದರೆ ಈ ಪಾಠದ ಸಹಜವಾದ ಕಾಲ 1997ರಿಂದ ಸುಮಾರು 2010ರವರೆಗಿನ ಹದಿಮೂರು ವರ್ಷ. ಇದನ್ನು ಎಲ್ಲಿಯೂ ಹೇಳದೆ ‘ಇದೇ ಅರೋಸಾ ಮಾರ್ಗ’ ಎಂಬ ಭಾವನೆಯನ್ನು ಹುಟ್ಟಿಸುವುದು ಪಾಠದ ಮುಖ್ಯ ದೋಷ. 2001ರ ‘ಮೈಕ್ರೋಸಾಫ್ಟ್ ಟ್ರೈನ್ ಸಿಮ್ಯುಲೇಟರ್’ನಲ್ಲಿದ್ದ ಆಸ್ಟ್ರಿಯದ ಇನ್ಸ್‌ಬ್ರುಕ್–ಸಾಂಕ್ಟ್ ಆಂಟೋನ್ ಮಾರ್ಗವು ತಾನು 1920ರ ದಶಕವನ್ನು ಚಿತ್ರಿಸುತ್ತಿರುವುದಾಗಿ ಬಹಿರಂಗವಾಗಿ ಸಾರಿತ್ತು. ಅದರ ಚಿತ್ರ ಇಂದು ನಗೆ ಬರಿಸಬಹುದು; ಆದರೆ ಕಾಲನಿರ್ದೇಶದಲ್ಲಿ ಅದು ಹೆಚ್ಚು ಸಭ್ಯವಾಗಿತ್ತು.

ಲಾಂಗ್ವೀಸ್ ಸೇತುವೆಯ ಬಗ್ಗೆ ಒಂದು ಮಾತು. 1914ರಲ್ಲಿ ಮುಗಿದ ಈ ಸೇತುವೆಯ ನಡುಗಮಾನು ಸುಮಾರು 100 ಮೀಟರ್ ಅಗಲ, ಎತ್ತರ 62 ಮೀಟರ್. ವಸ್ತು ಕಲ್ಲಲ್ಲ, ಕಬ್ಬಿಣದ ಸರಳಿನ ಕಾಂಕ್ರೀಟು. ಲಾಂಡ್ವಾಸರ್‌ನ ಒಂದೊಂದು ಕಲ್ಲುಗಮಾನು 20 ಮೀಟರ್ ಮಾತ್ರ. ಹನ್ನೆರಡೇ ವರ್ಷಗಳಲ್ಲಿ ಕಟ್ಟಡವಿದ್ಯೆಯು ಇಟ್ಟ ಈ ಹೆಜ್ಜೆಯನ್ನು ಎರಡು ಪಾಠಗಳನ್ನು ಜೊತೆಗಿಟ್ಟು ತೋರಿಸಬಹುದು. ಒಂದೊಂದೇ ನೋಡಿದರೆ ಎರಡೂ ಬರಿಯ ಸುಂದರ ಸೇತುವೆಗಳು.

5

ಬೆರ್ನೀನಾ ಪಾಠದ ವಿಮರ್ಶೆಯನ್ನು ಒಂದೇ ಅಂಶಕ್ಕೆ ಸೀಮಿತಗೊಳಿಸುತ್ತೇವೆ. ಏಕೆಂದರೆ ಆ ಅಂಶವು ಉಳಿದುದೆಲ್ಲವನ್ನೂ ನಿರ್ಣಯಿಸುತ್ತದೆ. ಈ ಪಾಠವು ಇಟಲಿಯ ತಿರಾನೊದಲ್ಲಿ ಆರಂಭವಾಗಿ ಮಾರ್ಗದ ಶಿಖರವಾದ ಒಸ್ಪಿಟ್ಸಿಯೊ ಬೆರ್ನೀನಾದಲ್ಲಿ ಮುಗಿಯುತ್ತದೆ. 429 ಮೀಟರಿನಿಂದ 2253 ಮೀಟರಿಗೆ, ಸುಮಾರು 38 ಕಿ.ಮೀ. ದೂರದಲ್ಲಿ, 1824 ಮೀಟರ್ ಏರುವ ಈ ಭಾಗವು ತಾಂತ್ರಿಕವಾಗಿ ಅದ್ಭುತವೇ ಸರಿ. ಸರಾಸರಿ ಏರು ಸಾವಿರಕ್ಕೆ 48. ಬ್ರೂಸಿಯೊ ಎಂಬಲ್ಲಿ ಬಯಲಿನಲ್ಲಿಯೇ ಒಂಬತ್ತು ಕಮಾನುಗಳ ಸೇತುವೆಯ ಮೇಲೆ ಹಳಿಯು ಪೂರ್ಣ ಸುತ್ತು ಸುತ್ತಿ ತನ್ನ ಅಡಿಯಲ್ಲಿ ತಾನೇ ಹಾಯುತ್ತದೆ. ದಕ್ಷಿಣದ ದ್ರಾಕ್ಷಿತೋಟ ಮತ್ತು ಚೆಸ್ಟ್‌ನಟ್ ಮರಗಳಿಂದ ಹೊರಟು ಮರವೇ ಬೆಳೆಯದ ನೆಲಕ್ಕೆ ಬರುವವರೆಗಿನ ಸಸ್ಯಜೀವನದ ಬದಲಾವಣೆಯನ್ನು ಪಾಠವು ಕಾಣಿಸುತ್ತದೆ.

ಆದರೆ ಶಿಖರದಲ್ಲಿ ನಿಲ್ಲುವುದೆಂದರೆ ದಾರಿಯ ಅರ್ಥವನ್ನೇ ಅರ್ಧಕ್ಕೆ ನಿಲ್ಲಿಸಿದಂತೆ. ಒಸ್ಪಿಟ್ಸಿಯೊ ನಿಲ್ದಾಣದ ಬಳಿ ಎರಡು ಸರೋವರಗಳಿವೆ. ಒಂದರ ಹೆಸರು ಲಾಗೊ ಬಿಯಾಂಕೊ. ಇಟಾಲಿಯನ್ ಭಾಷೆಯಲ್ಲಿ ಬಿಳಿಯ ಸರೋವರ. ಅದರ ನೀರು ದಕ್ಷಿಣಕ್ಕೆ ಹರಿದು ಪೋ ನದಿಯ ಮೂಲಕ ಆಡ್ರಿಯಾಟಿಕ್ ಸಮುದ್ರ ಸೇರುತ್ತದೆ. ಇನ್ನೊಂದು ಲೇಯ್ ನೈರ್. ರೊಮಾನ್ಶ್ ಭಾಷೆಯಲ್ಲಿ ಕರಿಯ ಸರೋವರ. ಅದರ ನೀರು ಇನ್ ನದಿಯ ಮೂಲಕ ಡ್ಯಾನ್ಯೂಬಿಗೆ, ಅಲ್ಲಿಂದ ಕಪ್ಪು ಸಮುದ್ರಕ್ಕೆ. ಎರಡು ಸರೋವರಗಳ ನಡುವಣ ಕಿರಿದಾದ ನೆಲದಲ್ಲಿ ಜಲವಿಭಾಜಕವೂ ಭಾಷಾವಿಭಾಜಕವೂ ಒಂದಾಗಿವೆ. ಈ ಗೆರೆಯನ್ನು ದಾಟಿಸುವುದಕ್ಕಾಗಿಯೇ ಬೆರ್ನೀನಾ ರೈಲು ಹುಟ್ಟಿತು. ತಿರಾನೊ ಇರುವ ವಾಲ್ತೆಲ್ಲೀನಾ ಕಣಿವೆಯು 1797ರವರೆಗೆ ಗ್ರೌಬುಂಡೆನ್ನಿನ ಅಧೀನದಲ್ಲಿದ್ದು ಆ ವರ್ಷ ಕೈತಪ್ಪಿತು. ಇಟಾಲಿಯನ್ ನುಡಿಯ ಪೊಸ್ಕಿಯಾವೊ ಕಣಿವೆಯು ಮಾತ್ರ ಉತ್ತರದೊಡನೆ ಉಳಿಯಿತು. ಪರ್ವತದ ಆಚೆಗೆ ಒಂಟಿಯಾಗಿ ಉಳಿದ ಆ ಕಣಿವೆಗೂ ತನ್ನ ಪ್ರಾಂತಕ್ಕೂ ನಡುವೆ ಇರುವ ಕಬ್ಬಿಣದ ಕೊಂಡಿ ಈ ರೈಲು. ಶಿಖರದಲ್ಲಿ ಮುಗಿಯುವ ಪಾಠದಲ್ಲಿ ಪರ್ವತಾರೋಹಣವುಂಟು, ಸಂಬಂಧವಿಲ್ಲ. ಕಾವ್ಯದ ಪೂರ್ವಾರ್ಧವನ್ನು ಮಾತ್ರ ಅಚ್ಚುಹಾಕಿ ಅದಕ್ಕೆ ಪೂರ್ಣಕಾವ್ಯದ ಹೆಸರಿಟ್ಟಂತೆ ಇದು.

ಒಂದು ದಾರಿ ಎಲ್ಲಿ ಆರಂಭವಾಗಿ ಎಲ್ಲಿ ಮುಗಿಯುತ್ತದೆ ಎಂಬುದು ಕೇವಲ ಖರ್ಚುವೆಚ್ಚದ, ಅನುಕೂಲದ ಪ್ರಶ್ನೆಯೆಂದು ತಯಾರಕರು ಹೇಳಬಹುದು. ಅದು ನಿಜವೂ ಇರಬಹುದು. ಆದರೆ ಯಾವುದೇ ಕಾರಣದಿಂದ ಹಾಕಿದ ಗೆರೆಯಾಗಲಿ, ಹಾಕಿದ ಮೇಲೆ ಅದು ವ್ಯಾಖ್ಯಾನವಾಗುತ್ತದೆ.

6

ಮೂರು ಪಾಠಗಳಿಗೂ ಸಮಾನವಾದ ಲೋಪಗಳು ಎರಡು. ಮೊದಲನೆಯದು ಭಾಷೆ. ರೇಟಿಷೆ ಬಾನ್ ಸಂಸ್ಥೆಗೆ ಜರ್ಮನ್, ರೊಮಾನ್ಶ್, ಇಟಾಲಿಯನ್ ಎಂಬ ಮೂರು ನುಡಿಗಳಲ್ಲಿ ಮೂರು ಹೆಸರುಗಳಿವೆ. ಬೆರ್ಗ್ಯೂನ್ ಎಂಬ ಊರಿಗೆ ಬ್ರಾವುಒನ್ ಎಂಬ ರೊಮಾನ್ಶ್ ಹೆಸರೂ ಉಂಟು. ಸಿಮ್ಯುಲೇಟರಿನಲ್ಲಿ ಇವು ನಿಲ್ದಾಣದ ಫಲಕದ ಮೇಲಿನ ಅಕ್ಷರಗಳಾಗಿ ಉಳಿಯುತ್ತವೆಯೇ ಹೊರತು ಜನರ ಬಾಯಲ್ಲಿ ಬರುವುದಿಲ್ಲ. ನಿಲ್ದಾಣದಲ್ಲಿ ನಿಂತ ಪ್ರಯಾಣಿಕರು ಬೊಂಬೆಗಳು; ಅವರಿಗೆ ಊರಿಲ್ಲ, ನುಡಿಯಿಲ್ಲ.

ಎರಡನೆಯ ಲೋಪ ಇದಕ್ಕಿಂತ ಗುರುತರವಾದುದು, ಅದು ಶ್ರಮ. ಅಲ್ಬುಲಾ ಸುರಂಗವನ್ನು ಕೊರೆದವರಲ್ಲಿ ಹೆಚ್ಚಿನವರು ಇಟಲಿಯಿಂದ ಬಂದ ಕೂಲಿಕಾರರು. ಬಂಡೆಯೊಳಗಿನಿಂದ ಹಿಮದಂತೆ ತಣ್ಣಗಿನ ನೀರು ನುಗ್ಗಿ ಕೆಲಸ ತಿಂಗಳುಗಟ್ಟಲೆ ಕುಂಠಿತವಾಯಿತು. ಗುತ್ತಿಗೆದಾರರು ಕೈಬಿಟ್ಟ ಮೇಲೆ 1901ರಲ್ಲಿ ರೈಲು ಸಂಸ್ಥೆಯೇ ಕಾಮಗಾರಿಯನ್ನು ವಹಿಸಿಕೊಳ್ಳಬೇಕಾಯಿತು. ಪರದೆಯ ಮೇಲೆ ಆ ಸುರಂಗವೆಂದರೆ ಕೆಲವು ನಿಮಿಷಗಳ ಕತ್ತಲೆ. ಬಳಕೆದಾರರಲ್ಲಿ ಹಲವರು ಆ ಭಾಗವನ್ನು ಬೇಸರದ್ದೆಂದು ಬಗೆಯುವರು. ನೋಡಲು ಅಲ್ಲಿ ಏನೂ ಇಲ್ಲ. ಇಡೀ ಮಾರ್ಗದಲ್ಲಿ ಅತ್ಯಂತ ಹೆಚ್ಚು ಬೆವರು ಬಿದ್ದ ಜಾಗವೇ ನೋಡಲು ಏನೂ ಇಲ್ಲದ ಜಾಗವಾಗಿರುವುದು ದೃಶ್ಯಪ್ರಧಾನವಾದ ಮಾಧ್ಯಮದ ಮಿತಿಯನ್ನು ಚೆನ್ನಾಗಿ ತೋರಿಸುತ್ತದೆ. ಈ ಕತ್ತಲೆಯನ್ನು ತುಂಬಬೇಕಾದವರು ಇತಿಹಾಸದ ಅಧ್ಯಾಪಕರು.

ಇದಕ್ಕೆ ಸೇರಿದ ಇನ್ನೊಂದು ಮಾತು ಅಪಾಯವನ್ನು ಕುರಿತದ್ದು. ಇಳಿಜಾರಿನಲ್ಲಿ ಬ್ರೇಕು ಹಿಡಿತ ತಪ್ಪಿದರೆ ಸಿಮ್ಯುಲೇಟರು ಓಟವನ್ನು ನಿಲ್ಲಿಸಿ ಮತ್ತೆ ಮೊದಲಿಂದ ಆರಂಭಿಸಲು ಹೇಳುತ್ತದೆ. 2022ರ ಅಕ್ಟೋಬರ್ 29ರಂದು ರೇಟಿಷೆ ಬಾನ್ ಸಂಸ್ಥೆಯು ಇದೇ ಅಲ್ಬುಲಾ ಮಾರ್ಗದ ಇಳಿಜಾರಿನಲ್ಲಿ 100 ಬಂಡಿಗಳ, 1910 ಮೀಟರ್ ಉದ್ದದ ಪ್ರಯಾಣಿಕ ರೈಲನ್ನು ನಡೆಸಿ ವಿಶ್ವದಾಖಲೆ ಸ್ಥಾಪಿಸಿತು. ಅದರಲ್ಲಿ ಏಳು ಮಂದಿ ಚಾಲಕರು ಒಬ್ಬರೊಡನೊಬ್ಬರು ಮಾತನಾಡಿಕೊಂಡು ಏಕಕಾಲದಲ್ಲಿ ಬ್ರೇಕು ಹಿಡಿಯಬೇಕಾಗಿತ್ತು. ಅವರಿಗೆ ಮತ್ತೆ ಮೊದಲಿಂದ ಆರಂಭಿಸುವ ಗುಂಡಿ ಇರಲಿಲ್ಲ. ಅನುಕರಣವು ಎಷ್ಟೇ ನಿಷ್ಕೃಷ್ಟವಾಗಿದ್ದರೂ ಪರಿಣಾಮದ ಭಯವನ್ನು ಅದು ಅನುಕರಿಸಲಾರದು.

7

ನಮ್ಮ ನಿರ್ಣಯವನ್ನು ಸಂಗ್ರಹವಾಗಿ ಹೇಳಬಹುದು. ದಾರಿಯ ತರ್ಕವನ್ನು ತಿಳಿಯಬೇಕಾದವರಿಗೆ ಹಳೆಯ ಅಲ್ಬುಲಾ ಪಾಠವೇ ಶ್ರೇಷ್ಠ. ಚಾಲಕನ ಉದ್ಯೋಗವನ್ನು ತಿಳಿಯಬೇಕಾದವರಿಗೆ ಅರೋಸಾ ಪಾಠ. ಆದರೆ ಅದರ ಕಾಲವನ್ನು ಓದುಗನೇ ಗುರುತುಹಾಕಿಕೊಳ್ಳಬೇಕು. ಬೆರ್ನೀನಾ ಪಾಠವು ಮೂರರಲ್ಲಿ ಅತಿ ಸುಂದರವಾದುದೂ ಅತಿ ಅಪೂರ್ಣವಾದುದೂ ಹೌದು. ಚಿತ್ರದ ಹೊಳಪಿಗೂ ಪಾಠದ ಪ್ರಾಮಾಣ್ಯಕ್ಕೂ ಅನಿವಾರ್ಯವಾದ ಸಂಬಂಧವಿಲ್ಲವೆಂಬುದು ಈ ಹೋಲಿಕೆಯ ಮುಖ್ಯ ಫಲ.

ಕಾಲೇಜುಗಳಲ್ಲಿ ಯೂರೋಪಿನ ಕೈಗಾರಿಕಾ ಇತಿಹಾಸವನ್ನು ಬೋಧಿಸುವವರು ಇವುಗಳನ್ನು ಧಾರಾಳವಾಗಿ ಬಳಸಬಹುದೆಂದು ನಾವು ಭಾವಿಸುತ್ತೇವೆ. ಉಗಿಯಿಂದ ವಿದ್ಯುತ್ತಿಗೆ ನಡೆದ ಸಂಕ್ರಮಣವನ್ನು ವರ್ಷಗಳ ಪಟ್ಟಿಯಾಗಿ ಉರುಹೊಡೆದ ವಿದ್ಯಾರ್ಥಿಗಿಂತ, 35ರ ಏರನ್ನೂ 60ರ ಏರನ್ನೂ ಹತ್ತಿ ನೋಡಿದ ವಿದ್ಯಾರ್ಥಿಯು ಅದನ್ನು ಚೆನ್ನಾಗಿ ಬಲ್ಲನು. ಆದರೆ ಒಂದೇ ಪಾಠವನ್ನು ಕೊಡಬಾರದು. ಎರಡನ್ನಾದರೂ ಕೊಟ್ಟು, ಲೇಖನದ ಮೊದಲಲ್ಲಿ ಹೇಳಿದ ಮೂರು ಪ್ರಶ್ನೆಗಳನ್ನು ಕೇಳಬೇಕು. ಒಂದೇ ಪ್ರತಿಯನ್ನು ನೋಡಿದವನು ಅದನ್ನೇ ಮೂಲವೆಂದು ನಂಬುವನು. ಎರಡನ್ನು ನೋಡಿದವನು ಮೂಲವನ್ನು ಹುಡುಕಲು ಹೊರಡುವನು.

ಕೊನೆಯದಾಗಿ, ಸಂರಕ್ಷಣೆಯ ವಿಷಯ. ಓಲೆಗರಿಗೆ ಗೆದ್ದಲು ಹತ್ತುವುದಕ್ಕೆ ನೂರಾರು ವರ್ಷ ಬೇಕಾದೀತು. ತಂತ್ರಾಂಶಕ್ಕೆ ಹತ್ತಿಪ್ಪತ್ತು ವರ್ಷಗಳೇ ದೀರ್ಘಾಯುಷ್ಯ. ಯಂತ್ರ ಬದಲಾದರೆ, ಪರವಾನಗಿ ಮುಗಿದರೆ, ತಯಾರಕರು ಮಾರಾಟ ನಿಲ್ಲಿಸಿದರೆ ಅದು ಓದಲಾಗದ ಲಿಪಿಯಾಗುತ್ತದೆ. ಹಳೆಯ ಅಲ್ಬುಲಾ ಸುರಂಗದ ಒಳಗಿನ ಪಯಣವು ಇಂಥ ಒಂದು ಪಾಠದಲ್ಲಿ ಉಳಿದಿರುವಾಗ, ಗ್ರಂಥಾಲಯಗಳೂ ವಿಶ್ವವಿದ್ಯಾಲಯಗಳೂ ಈ ಬಗೆಯ ವಸ್ತುಗಳನ್ನು ಆಟಿಕೆಯೆಂದು ಕಡೆಗಣಿಸದೆ, ಅವು ಓಡುವ ಯಂತ್ರಗಳ ಸಮೇತ, ತಾರೀಖು ಹಾಕಿ ಕಾಪಿಡುವುದು ಉಚಿತ. ಮುಂದಿನ ತಲೆಮಾರಿನ ಸಂಶೋಧಕರು ನಮ್ಮ ಕಾಲವು ಪರ್ವತವನ್ನೂ ಯಂತ್ರವನ್ನೂ ಹೇಗೆ ಕಲ್ಪಿಸಿಕೊಂಡಿತೆಂದು ಕೇಳುವಾಗ, ಅವರ ಮುಂದೆ ಇಡಲು ನಮ್ಮಲ್ಲಿ ಪ್ರತಿಗಳಿರಬೇಕು.